ಆಟದ ರೈಲಿಗೆ ಕಟ್ಟಿದ ಊರು

ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಸಿಮೆಂಟು, ಕಬ್ಬಿಣ, ಬಣ್ಣ, ಪೈಪು ಮಾರುತ್ತೇನೆ. ಇಪ್ಪತ್ತೆಂಟು ವರ್ಷದಲ್ಲಿ ಕನ್ನಡ ಆಡುವ, ಆದರೆ ತಮಿಳುನಾಡಿಗೆ ಸೇರಿದ ಈ ಬೆಟ್ಟದ ಮೇಲಿನ ಗಾರೆ ಕೆಲಸದವರೆಲ್ಲ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಹೋಗಿದ್ದಾರೆ. ಅವರಲ್ಲಿ ಸಿಮೆಂಟು ಚೀಲವನ್ನು ಮೂಸಿ ನೋಡಿ ಕೊಳ್ಳುತ್ತಿದ್ದವನು ಮಣಿಕಂಠ ಒಬ್ಬನೇ. ಮೂಸುತ್ತಿದ್ದ, ಚೀಲದ ಬಾಯಿಗೆ ಕೈ ಹಾಕಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜುತ್ತಿದ್ದ, ಗಂಟು ಸಿಕ್ಕಿದರೆ ಮುಖ ಹಿಂಡಿ "ಏಸಿಗೆ" ಎಂದು ಚೀಲವನ್ನು ಹಿಂದಕ್ಕೆ ತಳ್ಳುತ್ತಿದ್ದ. ಹೇಸಿಗೆ ನಮ್ಮ ಕಡೆಯ ಬಾಯಲ್ಲಿ ಏಸಿಗೆ. ಆ ಮಾತು ಅವನ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೆಂದರೆ, ಊರಿನವರು ಅವನನ್ನು ಏಸಿಗೆ ಮಣಿ ಎಂದೇ ಕರೆದರು.

ಅವನೂ ನಾನೂ ಒಂದೇ ಊರಿನವರು. ದೊಡ್ಡಗಾಜನೂರಿನಿಂದ ನಡೆದು ಹೋಗುವಷ್ಟು ದೂರ. ಹೆಸರು ಬೇಡ, ಹೇಳಿದರೆ ಬೇಸರ ಮಾಡಿಕೊಳ್ಳುವವರಿದ್ದಾರೆ. ನಾವು ಮಠದ ಬೀದಿಯವರು, ಲಿಂಗ ಕಟ್ಟಿದವರು. ನನ್ನ ಹೆಸರು ವೃಷಭೇಂದ್ರ. ಅವನ ಮನೆ ಹಳ್ಳದ ಆಚೆಯ ಕಾಲೋನಿಯಲ್ಲಿ. ಅವನ ಅಪ್ಪ ನಮ್ಮ ಹೊಲಗಳಲ್ಲಿ ಕೂಲಿ ಮಾಡಿದವನು, ನಮ್ಮಪ್ಪನನ್ನು "ಬುದ್ಧೀ" ಎನ್ನುತ್ತಿದ್ದ. ಮಣಿಕಂಠ ಸತ್ಯಮಂಗಲಕ್ಕೆ ಇಳಿದು ಗಾರೆ ಕೆಲಸ ಕಲಿತು ಬಂದವನು ನನ್ನನ್ನು "ಅಣ್ಣ" ಎಂದ. ಮೊದಲ ಸಲ ಅಂದಾಗ ಕಿವಿಗೆ ಇರುವೆ ಹೊಕ್ಕಂತಾಯಿತು. ಆಮೇಲೆ ರೂಢಿಯಾಯಿತು.

ಅವನು ಮುಗಿಸಿದ ಕೆಲಸಗಳಿಗಿಂತ ಅರ್ಧಕ್ಕೆ ಬಿಟ್ಟು ಬಂದವೇ ಹೆಚ್ಚು. ಒಂದು ಸಲ ಮನೆಮನೆಗೆ ಕಕ್ಕಸು ಕಟ್ಟುವ ಕಂಟ್ರಾಕ್ಟಿನಲ್ಲಿ ಸೇರಿದ್ದ. ಕಂಟ್ರಾಕ್ಟರು ಇಟ್ಟಿಗೆ ಉಳಿಸಲು ಅಳತೆಯನ್ನು ಎಷ್ಟು ಕಿರಿದು ಮಾಡಿದ್ದನೆಂದರೆ ಕೂತವರ ಮೊಣಕಾಲು ಬಾಗಿಲಿಗೆ ತಾಗುತ್ತಿತ್ತು, ಬಾಗಿಲು ಹಾಕುವ ಹಾಗಿರಲಿಲ್ಲ. ಹನ್ನೊಂದನೆಯದನ್ನು ಕಟ್ಟುವಾಗ ಮಣಿಕಂಠ ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದ. ಅವನ ಹೆಂಡತಿ ಪರಿಮಳ ಕೋಸು, ಬೆಳ್ಳುಳ್ಳಿ ಹೊಲಗಳಲ್ಲಿ ಕೂಲಿ ಮಾಡಿ ಮನೆ ನಡೆಸಿದಳು. "ಮೂಗಿರೋ ಗಂಡನ್ನ ಕಟ್ಕಂಡ್ರೆ ಒಟ್ಟೆಗೇನೂ ಸಿಕ್ಕಕ್ಕಿಲ್ಲ" ಎಂದು ಹೇಳಿಕೊಂಡು ನಗುತ್ತಿದ್ದಳಂತೆ.

ಅವನ ಈ ಹೇಸಿಕೆ ಎಲ್ಲಿಂದ ಬಂತೆಂದು ನಾನು ಬಹಳ ದಿನ ಯೋಚಿಸಲಿಲ್ಲ. ಯೋಚಿಸಬೇಕಾದ ಸಂದರ್ಭ ಒಂದು ಬಂದಿತ್ತು. ಹತ್ತು ವರ್ಷದ ಹಿಂದೆ ನಮ್ಮ ಮನೆಯ ಹಿತ್ತಲ ಗೋಡೆಗೆ ಗಾರೆ ಮಾಡಲು ಅವನನ್ನೇ ಕರೆದಿದ್ದೆ. ನಮ್ಮವ್ವ ಚನ್ನಬಸಮ್ಮ ಆಗ ಇನ್ನೂ ಬದುಕಿದ್ದಳು. ಹೊತ್ತು ಏರಿದಾಗ ಅವಳು ಕಾಫಿ ತಂದು, ದನದ ಕೊಟ್ಟಿಗೆಯ ಗೂಡಿನಲ್ಲಿ ಕೂಲಿಯವರಿಗೆಂದು ಇಟ್ಟಿದ್ದ ಲೋಟಕ್ಕೆ ಮೇಲಿನಿಂದ ಸುರಿದು ಒಳಗೆ ಹೋದಳು. ಮಣಿಕಂಠ ಲೋಟದೊಳಗೆ ನೋಡಿದ. ಜೇಡರ ಬಲೆಯ ಚೂರು, ಒಂದು ಸತ್ತ ನೊಣ, ಅದರ ಮೇಲೆ ಬಿಸಿ ಕಾಫಿ. ಅವನು ಕಾಫಿಯನ್ನು ಬಾಳೆಗಿಡದ ಬುಡಕ್ಕೆ ಚೆಲ್ಲಿ, ಮರಳು ಹಾಕಿ ಲೋಟ ಉಜ್ಜಿ, ಮೂರು ನೀರಲ್ಲಿ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಕೆಲಸಕ್ಕೆ ನಿಂತ. ನಾನು ನೋಡುತ್ತಿದ್ದುದು ಅವನಿಗೆ ಗೊತ್ತಿತ್ತು. ನಾನು ಅಂಗಡಿಗೆಂದು ಹೊರಟುಹೋದೆ. ಆ ಗೋಡೆಯ ಗಾರೆ ಇವತ್ತಿಗೂ ಒಂದು ಕೂದಲಷ್ಟು ಬಿರಿದಿಲ್ಲ.

ಮೂರು ವರ್ಷದ ಹಿಂದೆ ಗೆಟ್ಟವಾಡಿ ಕಡೆ ಮಹದೇವಪ್ರಸಾದ್ ಎನ್ನುವವರು ಆರೆಕರೆ ತೋಟ ಕೊಂಡರು. ಕೊಳ್ಳೇಗಾಲದ ಕಡೆಯವರು, ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ನಡೆಸಿ ಮಾರಿ ಬಂದವರು. ತೋಟದಲ್ಲಿ ಪೇಟೆಯಿಂದ ಬಂದವರು ಉಳಿದುಕೊಳ್ಳಲು ನಾಲ್ಕು ಕೋಣೆ ಕಟ್ಟಿಸಿದರು. ಕೋಣೆಗಳ ಮುಂದೆ ಹುಲ್ಲುಹಾಸು, ಹುಲ್ಲುಹಾಸಿನ ಸುತ್ತ ಒಂದು ರೈಲು.

ಮಕ್ಕಳ ಆಟಿಕೆ ರೈಲಲ್ಲ. ಮೂರು ಬೆರಳಗಲದ ಹಿತ್ತಾಳೆ ಹಳಿ, ತೋಟದ ಏರುತಗ್ಗುಗಳ ಮೇಲೆ ಇನ್ನೂರು ಮಾರು ಸುತ್ತಿ ಬರುತ್ತಿತ್ತು. ಎಂಜಿನ್ನು ಒಂದು ಮೊಳ ಉದ್ದ, ಸೇರಿನಷ್ಟು ಎತ್ತರ. ಹಿಂದೆ ಏಳು ಬೋಗಿ. ಚಾಮರಾಜನಗರದಿಂದ ಈ ಬೆಟ್ಟಕ್ಕೆ ರೈಲು ಬರುತ್ತದೆ ಎಂದು ನಮ್ಮ ತಾತನ ಕಾಲದಿಂದ ಕೇಳಿದ್ದೇವೆ. ಬಂದದ್ದು ಇದೊಂದೇ.

ರೈಲಿನ ಪಕ್ಕಕ್ಕೆ ಇಡಲೆಂದು ಅವರು ಹೊರದೇಶದಿಂದ ಪ್ಲಾಸ್ಟಿಕ್ ಕಟ್ಟಡಗಳನ್ನು ತರಿಸಿದ್ದರು. ಒಂದು ಬೇಸಿಗೆಗೆ ಅವು ಸೊಟ್ಟಗಾದವು. ಮಳೆಗಾಲಕ್ಕೆ ಒಳಗೆ ಗೊದ್ದದ ಇರುವೆ ಸೇರಿ ಮೊಟ್ಟೆ ಇಟ್ಟಿತು. ಸಿಮೆಂಟಿನಲ್ಲಿ ಮಾಡುವವರು ಯಾರಾದರೂ ಇದ್ದಾರಾ ಎಂದು ನನ್ನ ಅಂಗಡಿಗೆ ಬಂದು ಕೇಳಿದರು. ಕೆಲಸ ಅರ್ಧಕ್ಕೆ ಬಿಡುತ್ತಾನೆ, ಆದರೆ ಕೈ ಚಿನ್ನದ್ದು ಎಂದು ಹೇಳಿ ನಾನು ಮಣಿಕಂಠನನ್ನು ಕಳಿಸಿದೆ.

ಅವನು ಹೋಗಿ ಆ ಸೊಟ್ಟ ಸ್ಟೇಷನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದನಂತೆ. ಬಾಗಿಲ ಮೇಲೆ ಬಾಗಿಲ ಚಿತ್ರ ಅಂಟಿಸಿತ್ತು. ಹೆಂಚು ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಕೆಳಗಿಟ್ಟು ಪ್ಯಾಂಟಿಗೆ ಕೈ ಒರೆಸಿಕೊಂಡ. ಮಹದೇವಪ್ರಸಾದ್ ಅವನಿಗೆ ಲೆಕ್ಕ ಹೇಳಿಕೊಟ್ಟರು: ಇಪ್ಪತ್ತೆರಡು ಅಡಿಯ ಗೋಡೆ ಇಲ್ಲಿ ಒಂದು ಅಡಿ, ಆರಡಿ ಮನುಷ್ಯ ಇಲ್ಲಿ ಮೂರೂಕಾಲು ಇಂಚು, ಎಲ್ಲವೂ ಅದೇ ಅಳತೆಯಲ್ಲಿ ಇಳಿಯಬೇಕು. ಅವನು ಒಂದೇ ಪ್ರಶ್ನೆ ಕೇಳಿದ. ಮರಳೂ ಇಳಿಯಬೇಕಲ್ಲ ಸಾರ್, ಅದಕ್ಕೇನು ಮಾಡುವುದು? ಅವನೇ ಕಂಡುಹಿಡಿದ. ಪರಿಮಳಳ ಹಳೆಯ ವಾಯಿಲ್ ಸೀರೆಯಲ್ಲಿ ಮರಳನ್ನು ಎರಡು ಸಲ ಸೋಸಿ, ಗೋಧಿಹಿಟ್ಟಿನಂಥ ನುಣ್ಣನೆ ಪುಡಿ ಮಾಡಿ ಸಿಮೆಂಟಿಗೆ ಬೆರೆಸಿದ.

ಮೊದಲು ಸ್ಟೇಷನ್ನು. ಅಳತೆಗೆಂದು ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ಪ್ಲಾಟ್‌ಫಾರಮ್ಮಿನ ಮೇಲೆ ಹೆಜ್ಜೆ ಎಣಿಸಿದ. ಅಲ್ಲಿ ಒಬ್ಬ ಪೊಲೀಸು ಏನೋ ಎಂದು ಹಿಡಿದುಕೊಂಡು ಗಂಟೆ ಹೊತ್ತು ಕೂರಿಸಿದ್ದನಂತೆ. ಕಿಟಕಿಯ ಸರಳಿಗೆ ಮುರಿದ ಕೊಡೆಯ ಕಡ್ಡಿ, ಗಾಜಿಗೆ ದೇವರ ಪಟದ ಗಾಜು. ಹುಣಸೆ ಮರದಲ್ಲಿ ಅಚ್ಚು ಕೊರೆದು ಜೇಡಿಮಣ್ಣಿನ ಹೆಂಚು ಒತ್ತಿ, ಇಟ್ಟಿಗೆ ಗೂಡಿನ ಸಂದಿಯಲ್ಲಿ ಸುಟ್ಟು ತಂದ. ಹೆಬ್ಬೆರಳ ಉಗುರಿನಷ್ಟು ಹೆಂಚು, ಸಾವಿರಾರು. ಕೆಳಗೆ ಇಲಿ ಕೊರೆಯದಂತೆ ನಾಲ್ಕಿಂಚು ಕಾಂಕ್ರೀಟು. ಫಲಕದ ಮೇಲೆ "ತಾಳವಾಡಿ" ಎಂದು ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಬರೆದ. ಎರಡು ತಿಂಗಳಾಯಿತು. ಅವನು ಕೆಲಸ ಬಿಟ್ಟು ಬರಲಿಲ್ಲ. ಅಲ್ಲಿ ಇಟ್ಟಿಗೆ ಉಳಿಸು ಎನ್ನುವವರು ಯಾರೂ ಇರಲಿಲ್ಲ.

ಹಾಗೆಂದು ಹೇಸಿಕೆ ಬಿಟ್ಟಿತೆಂದಲ್ಲ. ಶನಿವಾರ ಭಾನುವಾರ ಬಂದವರು ಹುಲ್ಲಿನ ಮೇಲೆ ಕೂತು ಕೋಳಿ ತಿಂದು ಮೂಳೆಯನ್ನು ಆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಸೂರಿನ ಮೇಲೆ ಇಡುತ್ತಿದ್ದರು. ಒಬ್ಬ ಸಿಗರೇಟಿನ ತುಂಡನ್ನು ಟಿಕೆಟ್ಟಿನ ಕಿಂಡಿಯೊಳಗೆ ತೂರಿಸಿ ಫೋಟೋ ತೆಗೆದುಕೊಂಡ. ಸೋಮವಾರ ಬೆಳಿಗ್ಗೆ ಮಣಿಕಂಠ ಮೊದಲು ಮಾಡುವ ಕೆಲಸವೆಂದರೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕಟ್ಟಡಗಳನ್ನು ತಿಕ್ಕಿ ತೊಳೆಯುವುದು. ಅದನ್ನು ನನಗೆ ಹೇಳುವಾಗ ಅವನ ಮೂಗಿನ ಹೊಳ್ಳೆ ಹಿಗ್ಗುತ್ತಿತ್ತು.

ಸ್ಟೇಷನ್ನು ಮುಗಿದ ಮೇಲೆ ಮಹದೇವಪ್ರಸಾದ್ ಒಂದು ಊರು ಬೇಕೆಂದರು. ಎಲ್ಲಿಯದೋ ಅಲ್ಲ, ಈ ಕಡೆಯದೇ ಊರು. ನಿಮ್ಮೂರನ್ನೇ ಮಾಡು ಎಂದರು. ಒಂಬತ್ತು ತಿಂಗಳು ಅವನು ನಮ್ಮೂರನ್ನು ಕಟ್ಟಿದ. ಮಠ, ಅದರ ಮುಂದಿನ ಕಲ್ಲು ಮಂಟಪ, ಬಸವಣ್ಣನ ಗುಡಿ, ಹಾಲಿನ ಡೈರಿ, ರೇಷನ್ ಅಂಗಡಿ, ರಾಗಿ ಮಿಲ್ಲು, ಜಗಲಿಯ ಮನೆಗಳು ಮೂವತ್ತಾರು. ಅಳತೆ ತೆಗೆಯಲು ಮಠದ ಬೀದಿಗೆ ಟೇಪು ಹಿಡಿದು ಬಂದಾಗ ನಮ್ಮ ಜನ ಮೊದಲು ಗೊಣಗಿದರು. ಆಮೇಲೆ ನಮ್ಮ ಮನೆ ಯಾವಾಗ, ನಮ್ಮ ಮನೆ ಯಾವಾಗ ಎಂದು ತಾವೇ ಕರೆದು ಜಗಲಿ ಹತ್ತಿಸಿದರು. ಜಗಲಿಯವರೆಗೆ.

ಅದು ಮುಗಿಯುತ್ತ ಬಂದಿದ್ದ ಒಂದು ದಿನ ನಾನು ನೀರು ತಡೆಯುವ ಬಣ್ಣದ ಡಬ್ಬಗಳನ್ನು ಕೊಡಲು ಲೋಡ್ ಆಟೋದಲ್ಲಿ ಅಲ್ಲಿಗೆ ಹೋದೆ. ಬೆಳಗಿನ ಹತ್ತು ಗಂಟೆ. ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ನಮ್ಮ ಮನೆ ಇತ್ತು. ತಲೆಬಾಗಿಲ ಮೇಲಿನ ಬಿರುಕಿತ್ತು, ಬಲಗಡೆಯ ಜಗಲಿಯ ಮೂಲೆ ನನ್ನ ತಮ್ಮನ ಟ್ರ್ಯಾಕ್ಟರು ಗುದ್ದಿ ಮುರಿದದ್ದೂ ಇತ್ತು. ನನಗೆ ಕಣ್ಣು ತುಂಬಿ ಬಂತು. ರೈಲು ನಮ್ಮ ಮಠದ ಹಿಂದಿನಿಂದ ಬಂದು ಹಳ್ಳದ ಸೇತುವೆ ದಾಟಿ ಹೋಯಿತು. ಊರೇ ಊರು, ಏನೂ ಬಿಟ್ಟಿಲ್ಲ ಕಣ್ಲಾ ಎಂದು ಅವನ ಬೆನ್ನು ತಟ್ಟಿದೆ.

ಆ ವಾರ ಹುಲ್ಲುಹಾಸಿನ ಕಳೆ ಕೀಳಲು ನಾಲ್ಕು ಜನ ಹೆಂಗಸರು ಬಂದಿದ್ದರು. ಅವರಲ್ಲಿ ಪರಿಮಳಳೂ ಇದ್ದಳು. ಗಂಡ ವರ್ಷದಿಂದ ಏನು ಮಾಡುತ್ತಿದ್ದಾನೆಂದು ಅವಳು ಕಣ್ಣಾರೆ ಕಂಡದ್ದು ಅವತ್ತೇ ಮೊದಲು. ಕಳೆ ಕೀಳುತ್ತ ಕೀಳುತ್ತ ನಮ್ಮ ಹತ್ತಿರಕ್ಕೆ ಬಂದವಳು ಕುಡುಗೋಲು ಕೆಳಗಿಟ್ಟು ಊರನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದಳು.

"ಮಠ ಅದೆ, ಗುಡಿ ಅದೆ, ಅಳ್ಳನೂ ಅದೆ. ಅಳ್ಳದ ಆಚ್ಗೆ ಯಾಕೆ ಬರೀ ಉಲ್ಲು?" ಎಂದಳು. "ನಮ್ ಬೀದಿ ಎಲ್ಲದು?"

ಮಣಿಕಂಠ ಬಣ್ಣದ ಡಬ್ಬದ ಮುಚ್ಚಳ ಎಬ್ಬುತ್ತಿದ್ದ. ತಲೆ ಎತ್ತಲಿಲ್ಲ. "ಅದ್ರಲ್ಲಿ ನೋಡಕ್ಕೇನದೆ. ಏಸಿಗೆ" ಎಂದ.

"ಈ ಸಾರು ಬ್ಯಾಡ ಅಂದ್ರಾ?"

"ಯಾರೂ ಅನ್ನಿಲ್ಲ."

"ಅಂಗಾದ್ರೆ ನಾವು ನಿನ್ಗೇ ಏಸಿಗೆ ಆಗಿವಿ" ಎಂದಳು ಅವಳು. ದನಿ ಏರಿಸಲಿಲ್ಲ. ಕುಡುಗೋಲು ತೆಗೆದುಕೊಂಡು ಉಳಿದ ಹೆಂಗಸರ ಸಾಲಿಗೆ ಹೋಗಿ ಕೂತಳು.

ನಾನು ಹಳ್ಳದ ಆಚೆ ನೋಡಿದೆ. ಅಲ್ಲಿ ಕತ್ತರಿಸಿ ನಯ ಮಾಡಿದ ಹುಲ್ಲಿತ್ತು. ಐದು ನಿಮಿಷದ ಹಿಂದೆ ಏನೂ ಬಿಟ್ಟಿಲ್ಲ ಎಂದ ಬಾಯಿ ನನ್ನದೇ. ಡಬ್ಬಗಳ ಚೀಟಿಗೆ ಸಹಿ ಹಾಕಿಸಿಕೊಂಡು ಆಟೋ ಹತ್ತಿದೆ.

ಆಮೇಲೆ ನಾಲ್ಕು ದಿನ ಮಣಿಕಂಠ ಕೆಲಸಕ್ಕೆ ಹೋಗಲಿಲ್ಲ ಎಂದು ಮಹದೇವಪ್ರಸಾದ್ ಫೋನು ಮಾಡಿದರು. ಐದನೆಯ ದಿನ ಮಧ್ಯಾಹ್ನ ಅವನು ಅಂಗಡಿಗೆ ಬಂದು ಸಿಮೆಂಟು ಚೀಲದ ಮೇಲೆ ಕೂತ. ಅವನು ಹಾಗೆ ಕೂತದ್ದು ಅದೇ ಮೊದಲು. ಸಾಮಾನ್ಯವಾಗಿ ಧೂಳೆಂದು ನಿಂತೇ ಮಾತಾಡುವವನು. ಪರಿಮಳ ಜಗಳ ಆಡುತ್ತಿಲ್ಲವಂತೆ, ಅನ್ನ ಇಕ್ಕುತ್ತಾಳಂತೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾಳಂತೆ. ಅದೇ ಕಷ್ಟವಾಗಿದೆ ಎಂದ.

ಆಮೇಲೆ ತಾನಾಗಿಯೇ ಹೇಳಿದ. ಮನೆಗಳ ಪಟ್ಟಿ ಬರೆಯುವಾಗ ಕಾಲೋನಿ ನೆನಪಿಗೆ ಬಾರದೆ ಇರಲಿಲ್ಲ. ಬಂತು. ಸರ್ಕಾರದವರು ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳು, ತಾರಸಿಯಿಂದ ಕಿತ್ತು ಬಿದ್ದ ಸಿಮೆಂಟು, ತುಕ್ಕು ಹಿಡಿದು ಹೊರಗೆ ಬಂದ ಕಂಬಿ, ಸೌದೆ ತುಂಬಿದ ಕಕ್ಕಸು, ಬಾಗಿಲ ಮುಂದೆ ಹರಿಯದೆ ನಿಂತ ಚರಂಡಿ. ಇಷ್ಟು ಚಂದದ ಕೆಲಸದ ಪಕ್ಕ ಅದನ್ನು ಹೇಗೆ ಇಡುವುದು ಎಂದುಕೊಂಡು ಹಳ್ಳದ ಈಚೆಗೇ ಊರನ್ನು ನಿಲ್ಲಿಸಿದ.

"ನನ್ ಕೈಯೇ ಅತ್ತಗೆ ವೋಗ್ನಿಲ್ಲ ಕಣಣ್ಣ. ಥೂ, ನನ್ ಮೇಲೇ ನಂಗೆ ಏಸಿಗೆ ಆಗ್ಬುಟ್ಟದೆ."

ಅದಕ್ಕೇನು, ಇನ್ನೂ ಜಾಗವಿದೆ, ಕಟ್ಟಿದರಾಯಿತು ಎಂದೆ ನಾನು. ಸುಲಭಕ್ಕೆ ಬಾಯಿಗೆ ಬಂದ ಸಮಾಧಾನ. ಅವನು ತಲೆ ಎತ್ತಿ ನನ್ನನ್ನೇ ನೋಡಿದ.

"ನಾನಾದ್ರೂ ಬೇಕಂತ ಬುಟ್ಟೆ. ನಿಮ್ಗೆ ಬುಟ್ಟಿರದೇ ಕಾಣ್ನಿಲ್ಲ."

ಯಾರೋ ಗಿರಾಕಿ ಮೊಳೆ ಕೇಳಿಕೊಂಡು ಬಂದರು. ತೂಗಿ ಕೊಟ್ಟು ತಿರುಗುವಷ್ಟರಲ್ಲಿ ಅವನು ಎದ್ದು ಹೋಗಿದ್ದ.

ಮಾರನೆಯ ವಾರ ಅವನು ತನ್ನ ಬೀದಿಯನ್ನು ಅಳೆದ. ಹುಟ್ಟಿ ನಲವತ್ತಮೂರು ವರ್ಷ ನಡೆದಾಡಿದ ಬೀದಿಯನ್ನು ಟೇಪು ಹಿಡಿದು ನೋಡಿದ್ದು ಅದೇ ಮೊದಲು. ಟೇಪಿನ ಇನ್ನೊಂದು ಕೊನೆಯನ್ನು ಪರಿಮಳ ಹಿಡಿದಳು. ಹೆಂಗಸರು ಬಾಗಿಲಿಗೆ ಬಂದು ನಿಂತು ಒಬ್ಬೊಬ್ಬರು ಒಂದೊಂದು ಹೇಳಿದರು. ಹರಿದ ಪರದೆ ತೋರಿಸಬೇಡ ಎಂದು ಒಬ್ಬಳು, ತಾನು ಹೊಸದಾಗಿ ಹಾಕಿಸಿದ ಕಬ್ಬಿಣದ ಬಾಗಿಲಿಗೆ ಸರಿಯಾದ ನೀಲಿಯೇ ಹಾಕಬೇಕೆಂದು ಇನ್ನೊಬ್ಬಳು. ಕೊನೆಯ ಮನೆಯ ಮುದುಕಿ ಚಿಕ್ಕತಾಯಮ್ಮ, ನನ್ನ ಮನೆ ಸೋರುವುದನ್ನು ಹೇಗಪ್ಪ ಕಟ್ಟುತ್ತೀ ಎಂದು ಕೇಳಿದಳು. ಅವಳ ಮನೆಯೇ ಬೀದಿಯ ತಗ್ಗಿನಲ್ಲಿತ್ತು. ಚರಂಡಿಯ ನೀರೆಲ್ಲ ಅವಳ ಹೊಸಲಿನ ಹತ್ತಿರ ಬಂದು ನಿಲ್ಲುತ್ತಿತ್ತು.

ಹತ್ತೊಂಬತ್ತು ಮನೆ, ಒಂದು ನಲ್ಲಿ, ಮಾರಮ್ಮನ ಕಟ್ಟೆ. ತಾರಸಿಯ ಕಂಬಿಗೆ ತಾಮ್ರದ ತಂತಿಯನ್ನು ಉಪ್ಪುನೀರಲ್ಲಿ ನೆನೆಸಿ ಕಿಲುಬು ಹಿಡಿಸಿದ, ಆಮೇಲೆ ಅದು ಸುಳ್ಳೆಂದು ಕಿತ್ತು ಹಾಕಿ ನಿಜವಾದ ಕಬ್ಬಿಣದ ತಂತಿಗೆ ತುಕ್ಕು ಹಿಡಿಯಲು ಬಿಟ್ಟ. ಚರಂಡಿಯ ಇಳಿಜಾರನ್ನು ನೀರು ತುಂಬಿದ ಲೆವೆಲ್ ಟ್ಯೂಬಿನಲ್ಲಿ ಅಳೆದು, ನಿಜದ ಬೀದಿಯಲ್ಲಿ ಎಲ್ಲೆಲ್ಲಿ ಏರು, ಎಲ್ಲೆಲ್ಲಿ ತಗ್ಗು ಇದೆಯೋ ಅದನ್ನೇ ಇಳಿಸಿದ. ಅದರೊಳಗೆ ಕಪ್ಪು ಬಣ್ಣಕ್ಕೆ ವಾರ್ನಿಷ್ ಬೆರೆಸಿ ಸುರಿದ. ಕೊಳೆನೀರಿನ ಹಾಗೇ ಮಿರಮಿರ ಹೊಳೆಯಿತು. ಅದನ್ನು ಮಾಡುವಾಗ ಎರಡು ಸಲ ಎದ್ದು ಹೋಗಿ ಉಗುಳಿ ಬಂದನಂತೆ. ಬೀದಿಯನ್ನು ನಾಲ್ಕು ಹಲಗೆಗಳ ಮೇಲೆ ಕಟ್ಟಿ ಹಳ್ಳದ ಆಚೆ ಜೋಡಿಸಿದ.

ಮಹದೇವಪ್ರಸಾದ್ ಕೆಟ್ಟವರಲ್ಲ. ಕೂಗಾಡುವವರಲ್ಲ. ಅವರು ಹೇಳಿದ್ದನ್ನು ಮಣಿಕಂಠ ಆಮೇಲೆ ನನಗೆ ಒಂದಕ್ಷರ ಬಿಡದೆ ಒಪ್ಪಿಸಿದ. ಕೆಲಸದಲ್ಲಿ ಒಂದು ಮಾತಿಲ್ಲ ಎಂದರಂತೆ. ಆದರೆ ಇದು ಬಂದವರು ತಿಂಡಿ ತಿನ್ನುತ್ತ ನೋಡುವ ಜಾಗ, ಈ ಚರಂಡಿ, ಈ ಕಕ್ಕಸು ನೋಡಿದರೆ ಅಸಹ್ಯವಾಗುತ್ತದೆ. ಇದರ ಬದಲು ಹುಲ್ಲಿನ ಗುಡಿಸಲು ಮಾಡು, ಮುಂದೆ ಕೊಡ ಹೊತ್ತ ಹೆಂಗಸರನ್ನು ನಿಲ್ಲಿಸು, ಫೋಟೋಕ್ಕೆ ಚಂದ.

"ಉಲ್ಲಿನ ಮನೆ ನಮ್ ಬೀದೀಲಿ ಒಂದೂ ಇಲ್ಲ ಸಾರ್" ಎಂದ ಮಣಿಕಂಠ.

"ಇದು ಆಟದ್ದಪ್ಪ ಮಣಿ."

"ಮಠದ ಗೋಡೇಲಿ ಒಂದ್ ಗೆರೆ ಸೊಟ್ಟ ಆಯ್ತು ಅಂತ ಕಿತ್ತು ಕಟ್ಸುದ್ರಿ. ಅವತ್ತು ಆಟ ಅನ್ನಿಲ್ಲ ನೀವು."

ಅವರು ನಕ್ಕು, ಆಗಲಿ ನೋಡೋಣ ಎಂದರು. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಆ ಶನಿವಾರ ಕೊಯಮತ್ತೂರಿನಿಂದ ದೊಡ್ಡ ಗುಂಪು ಬಂತು. ಸೋಮವಾರ ಮಣಿಕಂಠ ಹೋದಾಗ ಹಳ್ಳದ ಆಚೆ ಕ್ರೋಟನ್ ಕುಂಡಗಳ ಸಾಲಿತ್ತು. ಬೀದಿ ಇರಲಿಲ್ಲ. ತೋಟದ ಆಳನ್ನು ಕೇಳಿದರೆ ಪಂಪ್ ಮನೆಯ ಹಿಂದೆ ಕೈ ತೋರಿಸಿದ. ಅಲ್ಲಿ ಗೊಬ್ಬರದ ಗುಂಡಿ. ನಾಲ್ಕು ಹಲಗೆಗಳನ್ನೂ ಗುಂಡಿಯ ಅಂಚಿಗೆ ಇಟ್ಟಿದ್ದರು. ಅಡಿಗೆಮನೆಯವರು ಎರಡು ದಿನ ಕತ್ತಲಲ್ಲೋ ಬೆಳಕಲ್ಲೋ ನೋಡದೆ ಬಕೆಟ್ಟು ಬಗ್ಗಿಸಿದ್ದರು. ಮಾರಮ್ಮನ ಕಟ್ಟೆಯ ಮೇಲೆ ಟೀ ಚರಟ, ತಾರಸಿಗಳ ಮೇಲೆ ಹುಳಿತ ಸಾಂಬಾರು, ಮೂಳೆ, ಹಿಂಡಿದ ನಿಂಬೆಹಣ್ಣಿನ ಸಿಪ್ಪೆ. ಚರಂಡಿಯ ತುಂಬ ಹುಳ. ಪರಿಮಳ ಟೇಪು ಹಿಡಿದು ನಿಂತಿದ್ದ ಬಾಗಿಲಿಗೆ ಮೊಟ್ಟೆಯ ಲೋಳೆ ಅಂಟಿತ್ತು.

ಅವನು ನನಗೆ ಫೋನು ಮಾಡಿದ. ಲೋಡ್ ಆಟೋ ಬೇಕು ಎಂದಷ್ಟೇ ಹೇಳಿದ. ಅವತ್ತು ಡ್ರೈವರು ರಜೆ ಹಾಕಿದ್ದ. ನಾನೇ ಓಡಿಸಿಕೊಂಡು ಹೋದೆ. ಹೋಗುವಷ್ಟರಲ್ಲಿ ಅವನು ಪಂಪಿನ ನೀರಿಗೆ ಹಲಗೆಗಳನ್ನು ಒಡ್ಡಿ ಒಂದೊಂದೇ ಮನೆಯನ್ನು ಬ್ರಷ್ಷಿನಲ್ಲಿ ತೊಳೆಯುತ್ತಿದ್ದ. ಒಮ್ಮೆ ಬಗ್ಗಿ ವಾಂತಿ ಮಾಡಿಕೊಂಡ, ಬಾಯಿ ಮುಕ್ಕಳಿಸಿ ಮತ್ತೆ ತೊಳೆದ. ನಾನು ಬ್ರಷ್ಷು ಕೇಳಿದೆ. ಕೊಡಲಿಲ್ಲ. ಮಹದೇವಪ್ರಸಾದ್ ಹೊರಗೆ ಬಂದು ಆಳುಗಳ ತಪ್ಪು, ತಮಗೆ ಗೊತ್ತಿರಲಿಲ್ಲ ಎಂದು ಎರಡು ಮೂರು ಸಲ ಹೇಳಿದರು. ಇರಬಹುದು. ಮಣಿಕಂಠ ಅವರ ಕಡೆ ತಿರುಗಲಿಲ್ಲ. ಹಲಗೆಗಳನ್ನು ಆಟೋದಲ್ಲಿ ಹುಲ್ಲು ಹಾಸಿ ಮಲಗಿಸಿ, ನನ್ನ ಪಕ್ಕ ಕೂತು, ವೋಗುಮ ಎಂದ.

ಹೀಗೆ ನಾನು ಐವತ್ತೆರಡು ವರ್ಷದಲ್ಲಿ ಮೊದಲ ಸಲ ಹಳ್ಳ ದಾಟಿ ಕಾಲೋನಿಗೆ ಹೋದೆ. ನಮ್ಮ ಜಗಲಿಯಿಂದ ಅಲ್ಲಿಗೆ ಇನ್ನೂರೈವತ್ತು ಹೆಜ್ಜೆ ಇರಬಹುದು. ಆಟೋ ನಿಲ್ಲಿಸಿ ಇಳಿದಾಗ ಚರಂಡಿಯ ನಾತ ಮುಖಕ್ಕೆ ರಾಚಿತು, ನನ್ನ ಕೈ ತಾನಾಗಿಯೇ ಹೆಗಲ ಟವೆಲನ್ನು ಮೂಗಿಗೆ ಒತ್ತಿತು. ಎದುರಿಗೆ ಪರಿಮಳ ನಿಂತಿದ್ದಳು. ಟವೆಲು ತೆಗೆಯುವುದೋ ಬಿಡುವುದೋ ತಿಳಿಯಲಿಲ್ಲ. ಗಾಳಿ ಇತ್ತ ಬೀಸಿದಾಗ ಹೀಗೇ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದಳು ಅವಳು, ನೆಂಟರಿಗೆ ಹೇಳುವ ಹಾಗೆ. ಆ ಮೃದು ಮಾತಿಗಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ಊಟಕ್ಕೆ ಕೂತಾಗಲೂ ಆ ನಾತ ಮೂಗಲ್ಲಿತ್ತು. ಅದು ಚರಂಡಿಯದ್ದೋ ನನ್ನದೋ ಎಂದು ಹೇಳಲಾರೆ.

ಬೀದಿಯನ್ನು ಮಾರಮ್ಮನ ಕಟ್ಟೆಯ ಪಕ್ಕ ಇಟ್ಟರು. ಕೋಳಿಗಳು ಹತ್ತಿ ಕೂತವು. ಪ್ರತಿ ಬೆಳಿಗ್ಗೆ ಅವನು ಹಿಕ್ಕೆ ಕೆರೆದು ತೆಗೆಯುತ್ತಿದ್ದ. ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪರಿಮಳಳಿಗೆ.

ಆಗಸ್ಟಿನ ಗ್ರಾಮಸಭೆಗೆ ಅವಳೂ ಇನ್ನೂ ಆರು ಜನ ಹೆಂಗಸರೂ ಆ ನಾಲ್ಕು ಹಲಗೆಗಳನ್ನು ತಲೆಯ ಮೇಲೆ ಹೊತ್ತುಕೊಂಡು ಬಂದರು. ನಾನೂ ಅಲ್ಲಿದ್ದೆ. ಅಧಿಕಾರಿ ಬೆಟ್ಟದ ಕೆಳಗಿನ ಬಯಲಿನಿಂದ ಹೊಸದಾಗಿ ಬಂದ ತಮಿಳಿನವರು. ಹಲಗೆಗಳನ್ನು ಮೇಜಿನ ಮೇಲೆ ಜೋಡಿಸುವಾಗ ನವರಾತ್ರಿಯ ಗೊಂಬೆ ಕೊಲುವೋ ಎಂದು ಕೇಳಿ ನಕ್ಕರು. ಪರಿಮಳ ತಮಿಳಿನಲ್ಲೇ ಉತ್ತರ ಕೊಟ್ಟಳು. ಇದು ನಮ್ಮ ಬೀದಿ, ಎಂಟು ವರ್ಷದಿಂದ ಚರಂಡಿಗೆ ಅರ್ಜಿ ಕೊಟ್ಟಿದ್ದೇವೆ, ಬಂದು ನೋಡಿ ಎಂದರೆ ಯಾರೂ ಬರಲಿಲ್ಲ, ಅದಕ್ಕೆ ಬೀದಿಯನ್ನೇ ತಂದಿದ್ದೇವೆ ಎಂದಳು. ಹೇಳಿ ಒಂದು ಚೊಂಬು ನೀರನ್ನು ಮೇಲಿನ ಮನೆಯ ಹತ್ತಿರ ಸುರಿದಳು. ನೀರು ಪುಟ್ಟ ಚರಂಡಿಯಲ್ಲಿ ಹರಿದು, ನಲ್ಲಿಯ ಹತ್ತಿರ ತಡೆದು, ಬಾಗಿಲುಗಳ ಮುಂದೆ ಉಕ್ಕಿ, ಕೊನೆಗೆ ಚಿಕ್ಕತಾಯಮ್ಮನ ಹೊಸಲಿಗೆ ಬಂದು ಒಳಗೆ ನುಗ್ಗಿತು. ನಿಜದಲ್ಲಿ ನುಗ್ಗುವ ಹಾಗೇ. ಮೇಜಿನಿಂದ ಜಾರಿ ಅಧಿಕಾರಿಯ ಬೂಟಿನ ಮೇಲೆ ಸುರಿಯಿತು. ಅವರು ಕಾಲು ಹಿಂದಕ್ಕೆಳೆದುಕೊಂಡರು. ಆಮೇಲೆ ನಗಲಿಲ್ಲ. ಪೆನ್ನು ತೆಗೆದು ಬರೆದುಕೊಂಡರು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಕೆಲಸ ಮಂಜೂರಾಯಿತು. ಹೊರಗಿನಿಂದ ಬಂದ ಒಬ್ಬ ಕಂಟ್ರಾಕ್ಟರು ಹನ್ನೆರಡು ದಿನದಲ್ಲಿ ಕಾಂಕ್ರೀಟು ಚರಂಡಿ ಹಾಕಿ ಹೋದ. ಮಣಿಕಂಠ ಆ ದಿನಗಳಲ್ಲಿ ಚಾಮರಾಜನಗರದಲ್ಲಿ ಒಂದು ಮನೆಯ ಗಾರೆಗೆ ಹೋಗಿದ್ದ. ಬಂದು ಟ್ಯೂಬು ಹಿಡಿದು ನೋಡಿದರೆ ಚರಂಡಿಯ ತಳ ಕೆಳಗಿನ ಕೊನೆಯಲ್ಲಿ ಐದಿಂಚು ಮೇಲಿತ್ತು. ಅಗೆಯಲು ಬಂಡೆ ಸಿಕ್ಕಿತೆಂದು ಅಗೆಯದೆ ಬಿಟ್ಟಿದ್ದರು. ಐಪ್ಪಸಿ ತಿಂಗಳಲ್ಲಿ ಹಿಂಗಾರಿನ ಮೊದಲ ಮಳೆಗೆ ಕೊಳೆಯೆಲ್ಲ ತಿರುಗಿ ಮನೆಗಳೊಳಗೆ ಬಂತು. ಅಕ್ಕಿ ಡಬ್ಬದ ಬುಡದವರೆಗೆ ಬಂತು ಎಂದಳು ಚಿಕ್ಕತಾಯಮ್ಮ.

ಇಂಥ ಕೆಲಸ ಕಂಡರೆ ಕರಣೆ ತೊಳೆದುಕೊಂಡು ಹೊರಟುಬಿಡುವುದು ಅವನ ಪದ್ಧತಿ. ಇಲ್ಲಿ ಹೊರಟು ಹೋಗುವುದೆಲ್ಲಿಗೆ, ಅವನ ಮನೆ ಅಲ್ಲೇ ಇತ್ತು. ಮೂರು ಭಾನುವಾರ ಬೀದಿಯ ಗಂಡಸರು ಹೆಂಗಸರು ಸೇರಿ ಹಾರೆಯಲ್ಲಿ ಆ ಚರಂಡಿ ಒಡೆದರು, ಬಂಡೆಯನ್ನು ಬೆಂಕಿ ಹಾಕಿ ಸೀಳಿದರು, ಕೊಳೆಯಲ್ಲಿ ಮೊಣಕಾಲುದ್ದ ನಿಂತು ಹೊಸ ತಳ ಹಾಕಿದರು. ಏಸಿಗೆ ಎನ್ನುತ್ತಲೇ ಮಣಿಕಂಠನೂ ಮಾಡಿದ, ಒಂದೊಂದು ಬಾಂಡ್ಲಿಗೂ ಒಂದೊಂದು ಸಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಂಡರೆ ಬಗ್ಗಿದಾಗ ಟ್ಯೂಬಿನೊಳಗಿನ ನೀರಿನ ಗೆರೆ ಕಾಣುವುದಿಲ್ಲ ಎಂದನಂತೆ. ಈಗ ಅಲ್ಲಿ ನೀರು ನಿಲ್ಲುವುದಿಲ್ಲ.

ಮಹದೇವಪ್ರಸಾದ್ ಮತ್ತೆ ಎರಡು ಸಲ ಹೇಳಿ ಕಳಿಸಿದರು. ಅವನು ಹೋಗಲಿಲ್ಲ. ಅವರ ತೋಟದಲ್ಲಿ ರೈಲು ಈಗಲೂ ನಮ್ಮ ಮಠದ ಹಿಂದಿನಿಂದ ಬಂದು ಕ್ರೋಟನ್ ಗಿಡಗಳ ಪಕ್ಕ ತಿರುಗಿ ಹೋಗುತ್ತದೆ ಎಂದು ಕೇಳಿದ್ದೇನೆ. ನೋಡಲು ನನಗೆ ಮನಸ್ಸಿಲ್ಲ.

ಮೊನ್ನೆ ಮಾರ್ಗಳಿ ತಿಂಗಳ ಚಳಿಯಲ್ಲಿ ಮಣಿಕಂಠ ಅಂಗಡಿಗೆ ಬಂದು ಜೇಬಿನಿಂದ ಮಡಿಸಿದ ಕಾಗದ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ತಮಿಳಿನಲ್ಲಿ ಟೈಪು ಮಾಡಿದ ನೋಟೀಸು. ಸರ್ಕಾರದ ಚರಂಡಿಯನ್ನು ಅನುಮತಿಯಿಲ್ಲದೆ ಒಡೆದದ್ದಕ್ಕೆ ಹದಿನೈದು ದಿನದೊಳಗೆ ಕಾರಣ ಕೊಡಬೇಕೆಂದಿತ್ತು. ಓದಿ ನನಗೆ ರೇಗಿತು. ವಕೀಲರ ಹತ್ತಿರ ಹೋಗೋಣವೇ, ಏನಾದರೂ ಉತ್ತರ ಬರೆದು ಕೊಟ್ಟೆಯಾ ಎಂದು ಕೇಳಿದೆ.

"ಆಗ್ಲೇ ಕೊಟ್ಟೆ ಅಣ್ಣ."

"ಏನಂತ ಬರ್ದೆಲಾ?"

"ನೀರು ಮ್ಯಾಲಕ್ಕೆ ಅರಿಯಕ್ಕಿಲ್ಲ ಅಂತ" ಎಂದು ಹೇಳಿ, ಎರಡು ಕೆಜಿ ಬಿಳಿ ಸಿಮೆಂಟು ಕಟ್ಟಿಸಿಕೊಂಡು ಹೋದ.